ಸಕ್ಕರೆಗೆ ಬದಲು ಏನು ಹಾಕಿಕೊಳ್ಳಲಿ? ಮಧುಮೇಹ ಇರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯ ಒಂದು ಕ್ಲಿನಿಕ್ಕಿನಲ್ಲಿ 12 ವರ್ಷದಿಂದ ಆಹಾರ ಸಲಹೆ ಕೊಡುತ್ತಿದ್ದೇನೆ. ನನ್ನ ತಂದೆಗೂ ಶುಗರ್ ಇದೆ. ಹೀಗಾಗಿ ಈ ಪ್ರಶ್ನೆಗಳು ಹಗಲು ಕ್ಲಿನಿಕ್ಕಿನಲ್ಲಿ, ರಾತ್ರಿ ಮನೆಯಲ್ಲಿ, ಎರಡೂ ಕಡೆ ನನ್ನನ್ನು ಹುಡುಕಿಕೊಂಡು ಬರುತ್ತವೆ. ಜನ ಕೇಳುವ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಮಾತ್ರೆ, ಇನ್ಸುಲಿನ್ ವಿಷಯದಲ್ಲಿ ಮಾತ್ರ ನಿಮ್ಮ ವೈದ್ಯರ ಮಾತೇ ಕೊನೆ.

ಸಕ್ಕರೆ ಬಿಟ್ಟು ಬೆಲ್ಲ ಹಾಕ್ಕೊಂಡ್ರೆ ಆಗುತ್ತಲ್ವಾ ಮೇಡಂ?

ಆಗುವುದಿಲ್ಲ. ದಿನಕ್ಕೆ ನಾಲ್ಕು ಜನರಾದರೂ ಇದನ್ನು ಕೇಳುತ್ತಾರೆ. ಇಲ್ಲ ಎಂದಾಗ ಅವರ ಮುಖ ಬಾಡುವುದನ್ನು ನೋಡಿದರೆ ನನಗೂ ಬೇಸರವಾಗುತ್ತದೆ. ಆದರೂ ಹೇಳಲೇಬೇಕು.

ಬೆಲ್ಲವೂ ಕಬ್ಬಿನ ಹಾಲಿನದೇ, ಸಕ್ಕರೆಯೂ ಕಬ್ಬಿನ ಹಾಲಿನದೇ. ಕಾರ್ಖಾನೆಯಲ್ಲಿ ಕಾಕಂಬಿಯನ್ನು ಬೇರ್ಪಡಿಸಿ ಹರಳು ತೆಗೆಯುತ್ತಾರೆ, ಆಲೆಮನೆಯಲ್ಲಿ ಎಲ್ಲವನ್ನೂ ಒಟ್ಟಿಗೇ ಕಾಯಿಸಿ ಅಚ್ಚಿಗೆ ಹೊಯ್ಯುತ್ತಾರೆ. ಬೆಲ್ಲದ ಬಹುಪಾಲು ಸುಕ್ರೋಸ್, ಅಂದರೆ ಸಕ್ಕರೆಯೇ. ಜೊತೆಗೆ ಸ್ವಲ್ಪ ಗ್ಲೂಕೋಸ್, ಫ್ರಕ್ಟೋಸ್, ನೀರಿನಂಶ, ಒಂದಿಷ್ಟು ಖನಿಜ. ರಕ್ತಕ್ಕೆ ಇಳಿದ ಮೇಲೆ ಅದು ಮಂಡ್ಯದ ಬೆಲ್ಲವೋ ಸಕ್ಕರೆಯೋ ಎಂದು ಮೇದೋಜೀರಕ ಗ್ರಂಥಿ ಕೇಳುವುದಿಲ್ಲ.

"ಕಬ್ಬಿಣದಂಶ ಇದೆಯಲ್ಲ?" ಅನ್ನುತ್ತಾರೆ. ಇದೆ. ಆದರೆ 10 ಗ್ರಾಂ ಬೆಲ್ಲದಲ್ಲಿ ಸಿಗುವುದು ಅರ್ಧ ಮಿಲಿಗ್ರಾಂ ಆಸುಪಾಸು. ಹೆಣ್ಣುಮಕ್ಕಳಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ. ಅಷ್ಟು ಕಬ್ಬಿಣವನ್ನು ಬೆಲ್ಲದಿಂದಲೇ ತುಂಬಿಸಿಕೊಳ್ಳಲು ಹೊರಟರೆ ಶುಗರ್ ಎಲ್ಲಿಗೆ ಮುಟ್ಟೀತು, ನೀವೇ ಲೆಕ್ಕ ಹಾಕಿ. ಸೊಪ್ಪು, ಕಾಳು, ಹುರುಳಿ ತಿನ್ನಿ.

ಇದರಲ್ಲಿ ಇನ್ನೊಂದು ಅಪಾಯವಿದೆ, ಅದನ್ನು ನಮ್ಮ ಮನೆಯಲ್ಲೇ ಕಂಡೆ. ಯಾರೋ ನೆಂಟರು ಹೇಳಿದರೆಂದು ಅಪ್ಪ ಕಾಫಿಗೆ ಸಕ್ಕರೆ ಬಿಟ್ಟು ಬೆಲ್ಲ ಶುರು ಮಾಡಿದರು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 7.4 ಇದ್ದದ್ದು 8.3ಕ್ಕೆ ಹೋಯಿತು. ಒಂದು ದಿನ ಅವರು ಲೋಟಕ್ಕೆ ಹಾಕಬೇಕೆಂದಿದ್ದ ಬೆಲ್ಲದ ತುಂಡನ್ನು ಇಸಿದುಕೊಂಡು ಅಡುಗೆಮನೆ ತಕ್ಕಡಿಯಲ್ಲಿಟ್ಟೆ. 11 ಗ್ರಾಂ. ಸಕ್ಕರೆ ಹಾಕಿಕೊಳ್ಳುತ್ತಿದ್ದಾಗ ಒಂದು ಚಮಚ, ಹೆಚ್ಚೆಂದರೆ 5 ಗ್ರಾಂ. "ಇದು ಬೆಲ್ಲ ತಾನೇ" ಎಂಬ ಧೈರ್ಯದಲ್ಲಿ ಕೈ ಧಾರಾಳವಾಗಿಬಿಟ್ಟಿತ್ತು. ಬೆಲ್ಲದ ನಿಜವಾದ ತೊಂದರೆ ಈ ಧೈರ್ಯವೇ.

ಜೇನುತುಪ್ಪ? ತಾಳೆಬೆಲ್ಲ? ತೆಂಗಿನ ಸಕ್ಕರೆ?

ಜೇನಿನ ತೂಕದಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಸಕ್ಕರೆಯಂಶ. ಕರಾವಳಿಯವರು ಓಲೆಬೆಲ್ಲ ಅನ್ನುವ ತಾಳೆಬೆಲ್ಲ, ತೆಂಗಿನ ಸಕ್ಕರೆ, ಕಂದು ಸಕ್ಕರೆ, ಕಲ್ಲುಸಕ್ಕರೆ, ಮಲೆನಾಡಿನವರು ದೋಸೆಗೆ ಹಚ್ಚಿಕೊಳ್ಳುವ ಜೋನಿಬೆಲ್ಲ, ಎಲ್ಲವೂ ಒಂದೇ ಮನೆತನ. ರುಚಿ ಬೇರೆ, ಘಮ ಬೇರೆ, ಶುಗರ್ ಲೆಕ್ಕದಲ್ಲಿ ವ್ಯತ್ಯಾಸ ಅತ್ಯಲ್ಪ. ಬೆಳಿಗ್ಗೆ ಬಿಸಿನೀರಿಗೆ ಜೇನು, ನಿಂಬೆಹಣ್ಣು ಹಾಕಿ ಕುಡಿಯುವವರು ನಿಂಬೆಹಣ್ಣನ್ನು ಮಾತ್ರ ಇಟ್ಟುಕೊಳ್ಳಿ.

ಸಕ್ಕರೆ ಇಲ್ಲದ ಖರ್ಜೂರದ ಲಡ್ಡು ಅಂತ ಮಾರ್ತಾರಲ್ಲ?

ಬೀಜ ತೆಗೆದ ಖರ್ಜೂರದಲ್ಲಿ 100 ಗ್ರಾಂಗೆ 60 ಗ್ರಾಂ ಮೀರಿ ಸಕ್ಕರೆಯಂಶ ಇರುತ್ತದೆ. ನಾರು ಇದೆ, ಒಳ್ಳೆಯದೇ. ಒಂದು ಖರ್ಜೂರ ತಿಂದರೆ ಆಕಾಶ ಕಳಚಿ ಬೀಳುವುದಿಲ್ಲ. ಆದರೆ ಒಂದು ಲಡ್ಡಿನಲ್ಲಿ ಮೂರೋ ನಾಲ್ಕೋ ಖರ್ಜೂರ ಅರೆದು ಸೇರಿಸಿರುತ್ತಾರೆ. "ಸಕ್ಕರೆ ಹಾಕಿಲ್ಲ" ಅನ್ನುವುದಕ್ಕೂ "ಸಕ್ಕರೆ ಇಲ್ಲ" ಅನ್ನುವುದಕ್ಕೂ ಅಜಗಜಾಂತರ.

ಹಾಗಾದ್ರೆ ನಿಜವಾಗಿ ಶುಗರ್ ಏರಿಸದ ಸಿಹಿ ಯಾವುದು?

ಎರಡು ಗುಂಪುಗಳಿವೆ.

ಮೊದಲನೆಯವು ಅತಿ ಕಡಿಮೆ ಪ್ರಮಾಣದಲ್ಲೇ ವಿಪರೀತ ಸಿಹಿ ಕೊಡುವವು. ಸ್ಯಾಕರಿನ್ ಇವುಗಳಲ್ಲಿ ಹಳೆಯದು, 1879ರಲ್ಲಿ ಕಂಡುಹಿಡಿದದ್ದು. ಸಕ್ಕರೆಗಿಂತ ಸುಮಾರು 300 ಪಟ್ಟು ಸಿಹಿ, ಕೊನೆಯಲ್ಲಿ ನಾಲಿಗೆ ಮೇಲೆ ಒಂಥರಾ ಲೋಹದ ಕಹಿ. ಆಸ್ಪರ್ಟೇಮ್ 1965ರದ್ದು, 200 ಪಟ್ಟು. ಸುಕ್ರಲೋಸ್ 1976ರದ್ದು, 600 ಪಟ್ಟು. ಗಿಡದ ಎಲೆಯಿಂದ ತೆಗೆಯುವ ಸ್ಟೀವಿಯಾ ಕೂಡ ಇದೇ ಗುಂಪಿನದು. ಬೇಕಾಗುವುದು ಮಿಲಿಗ್ರಾಂ ಲೆಕ್ಕದಲ್ಲಿ, ಹಾಗಾಗಿ ರಕ್ತದ ಸಕ್ಕರೆಯನ್ನು ಇವು ನೇರವಾಗಿ ಏರಿಸುವುದಿಲ್ಲ.

ಎರಡನೆಯವು ಸಾರ್ಬಿಟಾಲ್, ಮಾಲ್ಟಿಟಾಲ್, ಜೈಲಿಟಾಲ್, ಎರಿಥ್ರಿಟಾಲ್. ಹೆಸರಿನ ಕೊನೆಗೆ "ಟಾಲ್" ಕಂಡರೆ ಈ ಗುಂಪು ಎಂದು ಗುರುತಿಟ್ಟುಕೊಳ್ಳಿ. ಇವನ್ನು ಚಮಚಗಟ್ಟಲೆ ಹಾಕಬೇಕಾಗುತ್ತದೆ. ಎರಿಥ್ರಿಟಾಲ್ ಶುಗರ್ ಏರಿಸುವುದಿಲ್ಲ. ಮಾಲ್ಟಿಟಾಲ್ ಏರಿಸುತ್ತದೆ, ಸಕ್ಕರೆಯಷ್ಟಲ್ಲ. ಇದೂ ಸಾರ್ಬಿಟಾಲೂ ಹೊಟ್ಟೆಯಲ್ಲಿ ಗುಡುಗುಡು ಎಬ್ಬಿಸುತ್ತವೆ, ಜಾಸ್ತಿಯಾದರೆ ಭೇದಿ. ಮನೆಯಲ್ಲಿ ನಾಯಿ ಸಾಕಿದ್ದರೆ ಜೈಲಿಟಾಲ್ ಇರುವ ಏನನ್ನೂ ಅದರ ಬಾಯಿಗೆ ಸಿಗದಂತೆ ಇಡಿ. ನಾಯಿಗಳಿಗೆ ಅದು ವಿಷ.

ಕಾಫಿಗೆ ಯಾವುದು, ಪಾಯಸಕ್ಕೆ ಯಾವುದು?

ಕಾಫಿ, ಟೀಗೆ ಮೊದಲ ಗುಂಪಿನ ಯಾವುದಾದರೂ ಸರಿ. ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್‌ನವರು ನಮ್ಮಂಥವರ ಈ ಅಭ್ಯಾಸವನ್ನೇ ಹಿಡಿದು ಪರೀಕ್ಷೆ ಮಾಡಿದರು. ಟೈಪ್ 2 ಮಧುಮೇಹಿಗಳು 12 ವಾರ ಕಾಫಿ, ಟೀಗೆ ಸಕ್ಕರೆ ಬದಲು ಸುಕ್ರಲೋಸ್ ಹಾಕಿಕೊಂಡರು. 2024ರಲ್ಲಿ ಬಂದ ಫಲಿತಾಂಶದ ಪ್ರಕಾರ ಎಚ್‌ಬಿಎ1ಸಿ ಗಮನಾರ್ಹವಾಗಿ ಕೆಡಲೂ ಇಲ್ಲ, ಸುಧಾರಿಸಲೂ ಇಲ್ಲ, ತೂಕ ಮತ್ತು ಸೊಂಟದ ಸುತ್ತಳತೆ ಸ್ವಲ್ಪ ಇಳಿಯಿತು. ನನ್ನ ಅನುಭವಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಕಾಫಿಯ ಸಕ್ಕರೆ ತೆಗೆದರೆ ತಪ್ಪುವುದು ಆ ಸಕ್ಕರೆ ಮಾತ್ರ. ಸಿಹಿಮಾತ್ರೆ ಹಾಕಿದ ಕಾಫಿಯ ಪಕ್ಕದಲ್ಲಿ ಎರಡು ಬೆಣ್ಣೆ ದೋಸೆ ಇದ್ದರೆ ಶುಗರ್ ನೋಡುವ ಮೀಟರು ದೋಸೆಯ ಲೆಕ್ಕವನ್ನೇ ತೋರಿಸುತ್ತದೆ.

ಅಡುಗೆಗೆ ಬಂದರೆ ಆಸ್ಪರ್ಟೇಮ್ ಬೇಡ, ಹೆಚ್ಚು ಹೊತ್ತು ಕುದಿಸಿದರೆ ಅದರ ಸಿಹಿ ಹೊರಟುಹೋಗುತ್ತದೆ. ಪಾಯಸಕ್ಕೆ ಸುಕ್ರಲೋಸ್ ಅಥವಾ ಸ್ಟೀವಿಯಾ ಹಾಕಬಹುದು. ಒಲೆ ಆರಿಸಿ, ಸ್ವಲ್ಪ ತಣಿದ ಮೇಲೆ ಕಲಸಿ. ಸುಕ್ರಲೋಸ್ ಹಾಕಿ ಕೇಕ್ ಬೇಯಿಸುವುದು, ಕರಿಯುವುದು ಬೇಡ. 120 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹಾನಿಕರ ಪದಾರ್ಥಗಳು ಹುಟ್ಟಬಹುದೆಂದು ಜರ್ಮನಿಯ ಆಹಾರ ಸುರಕ್ಷತಾ ಸಂಸ್ಥೆ 2019ರಲ್ಲಿ ಎಚ್ಚರಿಸಿದೆ.

ಮೈಸೂರು ಪಾಕ್, ಚಿಕ್ಕಿ, ಜಹಾಂಗೀರು ಇವೆಲ್ಲ ಪಾಕದ ಮೇಲೆ ನಿಂತ ತಿಂಡಿಗಳು. ಒಂದೆಳೆ ಪಾಕ ಬರುವುದು ಸಕ್ಕರೆಯಿಂದ, ಮಾತ್ರೆಯಿಂದ ಬಾರದು. ಯೂಟ್ಯೂಬ್ ನೋಡಿ ಸ್ಟೀವಿಯಾದಲ್ಲಿ ಮೈಸೂರು ಪಾಕ್ ಮಾಡಲು ಹೋಗಿ ತುಪ್ಪ, ಕಡಲೆಹಿಟ್ಟು ಎರಡನ್ನೂ ಹಾಳು ಮಾಡಿಕೊಂಡವರನ್ನು ನೋಡಿದ್ದೇನೆ. ಅದರ ಬದಲು ಹಬ್ಬಕ್ಕೆ ಒಂದು ಸಣ್ಣ ತುಂಡು ಅಸಲಿಯನ್ನೇ ತಿನ್ನಿ.

ಈ ಮಾತ್ರೆಗಳಿಂದ ಕ್ಯಾನ್ಸರ್ ಬರುತ್ತಂತೆ, ಹೌದಾ?

ಈ ಭಯಕ್ಕೆ ಹಿನ್ನೆಲೆ ಇದೆ, ತಳ್ಳಿಹಾಕುವುದು ನ್ಯಾಯವಲ್ಲ.

ಸ್ಯಾಕರಿನ್ ತಿನ್ನಿಸಿದ ಇಲಿಗಳಿಗೆ ಮೂತ್ರಕೋಶದ ಕ್ಯಾನ್ಸರ್ ಕಾಣಿಸಿತೆಂದು 1977ರಲ್ಲಿ ಅಮೆರಿಕದಲ್ಲಿ ಪೊಟ್ಟಣದ ಮೇಲೆ ಎಚ್ಚರಿಕೆ ಬರೆಯುವುದು ಕಡ್ಡಾಯವಾಯಿತು. ಅದು ಇಲಿಯ ಮೂತ್ರದ ಗುಣಕ್ಕೆ ಸಂಬಂಧಪಟ್ಟದ್ದು, ಮನುಷ್ಯರಲ್ಲಿ ಹಾಗಾಗುವುದಿಲ್ಲ ಎಂದು ಆಮೇಲೆ ಗೊತ್ತಾಗಿ 2000ದಲ್ಲಿ ಆ ಎಚ್ಚರಿಕೆ ತೆಗೆದರು. ಸುದ್ದಿ ಮಾತ್ರ ಇವತ್ತಿಗೂ ಓಡಾಡುತ್ತಿದೆ.

ಆಸ್ಪರ್ಟೇಮ್ ವಿಷಯ ಹೊಸದು. 2023ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು "ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದಾದ" 2ಬಿ ಪಟ್ಟಿಗೆ ಸೇರಿಸಿತು. ಸಾಕ್ಷ್ಯ ಸೀಮಿತವಾಗಿದೆ, ಪೂರ್ತಿ ಅಲ್ಲಗಳೆಯಲೂ ಆಗುವುದಿಲ್ಲ ಎಂಬುದು ಈ ಪಟ್ಟಿಯ ಅರ್ಥ. ಅದೇ ದಿನ ಆಹಾರ ಸೇರ್ಪಡೆಗಳ ತಜ್ಞರ ಸಮಿತಿ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 40 ಮಿಲಿಗ್ರಾಂವರೆಗೆ ತೊಂದರೆಯಿಲ್ಲ ಎಂಬ ಹಳೆಯ ಮಿತಿಯನ್ನೇ ಉಳಿಸಿಕೊಂಡಿತು. 60 ಕಿಲೋ ತೂಕದವರಿಗೆ ಅದು 2,400 ಮಿಲಿಗ್ರಾಂ. ಒಂದು ಚಮಚ ಸಕ್ಕರೆಯಷ್ಟು ಸಿಹಿಗೆ ಬೇಕಾದ ಆಸ್ಪರ್ಟೇಮ್ 20 ಮಿಲಿಗ್ರಾಂ ಆಸುಪಾಸು. ಎರಡು ಲೋಟ ಕಾಫಿ ಕುಡಿಯುವವರು ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ. ದಿನಕ್ಕೆ ನಾಲ್ಕೈದು ಬಾಟಲಿ ಡಯಟ್ ಪಾನೀಯ ಕುಡಿಯುವವರ ಮಾತು ಬೇರೆ. ಅವರಿಗೆ ನೀರು, ಮಜ್ಜಿಗೆ ಕಡೆ ತಿರುಗಿ ಎಂದು ಕೈಮುಗಿದು ಹೇಳುತ್ತೇನೆ.

ಫಿನೈಲ್‌ಕೀಟೋನೂರಿಯಾ ಎಂಬ ಹುಟ್ಟಿನಿಂದಲೇ ಬರುವ ಅಪರೂಪದ ಕಾಯಿಲೆ ಇರುವವರು ಮಾತ್ರ ಆಸ್ಪರ್ಟೇಮ್ ಮುಟ್ಟಲೇಬಾರದು.

ವಿಶ್ವ ಆರೋಗ್ಯ ಸಂಸ್ಥೆಯೇ ಇವು ಬೇಡ ಅಂದಿದೆಯಲ್ಲ?

2023ರ ಮೇ ತಿಂಗಳಲ್ಲಿ ಅಂದದ್ದು ನಿಜ. ತೂಕ ಇಳಿಸಲೆಂದು ಇವನ್ನು ಬಳಸಬೇಡಿ, ದೀರ್ಘಕಾಲದಲ್ಲಿ ಪ್ರಯೋಜನ ಕಾಣುತ್ತಿಲ್ಲ ಎಂಬುದು ಆ ಸಲಹೆ. ವಾಟ್ಸ್‌ಆಪ್‌ನಲ್ಲಿ ಬಂದ ಸುದ್ದಿಯಲ್ಲಿ ಒಂದು ಸಾಲು ಬಿಟ್ಟುಹೋಗಿತ್ತು: ಈಗಾಗಲೇ ಮಧುಮೇಹ ಇರುವವರಿಗೆ ಈ ಸಲಹೆ ಅನ್ವಯಿಸುವುದಿಲ್ಲ.

ಹಾಗೆಂದು ನಮಗೆ ಪೂರ್ತಿ ರಹದಾರಿ ಸಿಕ್ಕಿತು ಅಂತಲೂ ಅಲ್ಲ. ಸ್ಯಾಕರಿನ್, ಸುಕ್ರಲೋಸ್ ತೆಗೆದುಕೊಂಡ ಕೆಲವು ಆರೋಗ್ಯವಂತರಲ್ಲಿ ಕರುಳಿನ ಸೂಕ್ಷ್ಮಜೀವಿಗಳು ಬದಲಾಗಿ, ಗ್ಲೂಕೋಸ್ ನಿಭಾಯಿಸುವ ಶಕ್ತಿಯೂ ಏರುಪೇರಾದದ್ದನ್ನು ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 2022ರಲ್ಲಿ ತೋರಿಸಿದ್ದಾರೆ. ಎಲ್ಲರಿಗೂ ಆಗಲಿಲ್ಲ, ಕೆಲವರಿಗೆ ಆಯಿತು. ನೀವು ಆ ಕೆಲವರಲ್ಲಿ ಒಬ್ಬರೋ ಅಲ್ಲವೋ ಎಂಬ ಅನುಮಾನ ಇದ್ದರೆ ಎರಡು ವಾರ ನಿಲ್ಲಿಸಿ, ಎರಡು ವಾರ ತೆಗೆದುಕೊಂಡು, ಖಾಲಿ ಹೊಟ್ಟೆಯ ಮತ್ತು ಊಟವಾದ ಎರಡು ಗಂಟೆಯ ಶುಗರನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದಿನ ಸಲ ವೈದ್ಯರಿಗೆ ಆ ಪುಸ್ತಕ ತೋರಿಸಿ.

ಸ್ಟೀವಿಯಾ ಗಿಡದಿಂದ ಬರೋದಲ್ವಾ, ಅದೇ ಒಳ್ಳೇದಿರಬೇಕು?

ಒಳ್ಳೆಯ ಆಯ್ಕೆಗಳಲ್ಲಿ ಒಂದು. ಪರಾಗ್ವೆಯ ಗ್ವಾರಾನಿ ಜನ ತಲೆತಲಾಂತರದಿಂದ ಈ ಎಲೆ ಬಳಸಿದ್ದಾರೆ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಒಪ್ಪಿಗೆ ಕೊಟ್ಟಿತು. ಗಿಡದ್ದು ಎಂಬ ಕಾರಣಕ್ಕೆ ನಂಬಬೇಡಿ, ಕಬ್ಬೂ ಗಿಡವೇ.

ನೋಡಬೇಕಾದ್ದು ಪೊಟ್ಟಣದ ಹಿಂಭಾಗ. ಶುದ್ಧ ಸ್ಟೀವಿಯಾ ಒಂದು ಚಿಟಿಕೆಯಲ್ಲೇ ಲೋಟ ಸಿಹಿ ಮಾಡುತ್ತದೆ. ಚಮಚಕ್ಕೆ ಚಮಚ ಸಕ್ಕರೆಯ ಹಾಗೆ ಹಾಕಿ ಎಂದು ಬರೆದಿರುವ ಪುಡಿಯಲ್ಲಿ ಉಳಿದ ಗಾತ್ರ ತುಂಬಿರುವುದು ಬೇರೆ ಏನೋ: ಎರಿಥ್ರಿಟಾಲ್ ಇರಬಹುದು, ಮಾಲ್ಟೋಡೆಕ್ಸ್‌ಟ್ರಿನ್ ಇರಬಹುದು, ಡೆಕ್ಸ್‌ಟ್ರೋಸ್ ಇರಬಹುದು. ಡೆಕ್ಸ್‌ಟ್ರೋಸ್ ಎಂದರೆ ಗ್ಲೂಕೋಸೇ. ಮಾಲ್ಟೋಡೆಕ್ಸ್‌ಟ್ರಿನ್ ಕೂಡ ಶುಗರನ್ನು ಸರ್ರನೆ ಏರಿಸುತ್ತದೆ. ಮನೆ ಕುಂಡದಲ್ಲಿ ಗಿಡ ಬೆಳೆಸಿ ಎಲೆ ಕುದಿಸಿ ಕುಡಿಯುವವರಿಗೆ ಒಂದು ಮಾತು: ಸುರಕ್ಷಿತ ಎಂದು ಪರಿಶೀಲಿಸಿರುವುದು ಎಲೆಯಿಂದ ಶುದ್ಧಗೊಳಿಸಿ ತೆಗೆದ ಸಾರವನ್ನು, ಹಸಿ ಎಲೆಯನ್ನಲ್ಲ.

ಎರಿಥ್ರಿಟಾಲ್‌ನಿಂದ ಹೃದಯಕ್ಕೆ ತೊಂದರೆ ಅಂತ ಓದಿದೆ.

ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು 2023ರಲ್ಲಿ ಹೇಳಿದ್ದು. ರಕ್ತದಲ್ಲಿ ಎರಿಥ್ರಿಟಾಲ್ ಜಾಸ್ತಿ ಇದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚು ಕಂಡವು. 30 ಗ್ರಾಂ ಕುಡಿದ ಆರೋಗ್ಯವಂತರ ರಕ್ತದಲ್ಲಿ ಅದು ಎರಡು ದಿನ ಮೀರಿ ಉಳಿಯಿತು. ಮರುವರ್ಷ ಜೈಲಿಟಾಲ್ ಬಗ್ಗೆಯೂ ಇಂಥದ್ದೇ ವರದಿ ಬಂತು. ನಮ್ಮ ದೇಹವೂ ಒಂದಿಷ್ಟು ಎರಿಥ್ರಿಟಾಲ್ ತಯಾರಿಸುತ್ತದೆ, ಹಾಗಾಗಿ ಅದೇ ಕಾರಣ ಎಂದು ಇನ್ನೂ ಸಾಬೀತಾಗಿಲ್ಲ. ಆದರೆ ಮಧುಮೇಹ ಇದ್ದವರಿಗೆ ಹೃದಯದ ಅಪಾಯ ಮೊದಲೇ ಹೆಚ್ಚು. ಸ್ಟೆಂಟ್ ಹಾಕಿಸಿಕೊಂಡವರು, ಪಾರ್ಶ್ವವಾಯು ಆದವರು ನನ್ನ ಬಳಿ ಬಂದರೆ ಚಮಚಗಟ್ಟಲೆ ಹಾಕುವ ಈ ಪುಡಿ ಬೇಡ ಎಂದೇ ಹೇಳುತ್ತೇನೆ.

ಸ್ವೀಟ್ ಅಂಗಡಿಯ ಶುಗರ್ ಫ್ರೀ ಕಾಜು ಬರ್ಫಿ?

ಖೋವಾ, ಗೋಡಂಬಿ, ತುಪ್ಪ ಎಲ್ಲ ಇದ್ದೇ ಇದೆ, ಹೋದದ್ದು ಸಕ್ಕರೆ ಮಾತ್ರ. ಬಿಡಿಯಾಗಿ ತೂಗಿ ಕೊಡುವ ಸಿಹಿಗೆ ಏನು ಹಾಕಿದ್ದಾರೆಂದು ಕೇಳಿದರೆ ಕೌಂಟರಿನಲ್ಲಿ ನಿಂತ ಹುಡುಗನಿಗೂ ಗೊತ್ತಿರುವುದಿಲ್ಲ. ಶುಗರ್ ಫ್ರೀ ಬಿಸ್ಕತ್ತಿನ ಕಥೆಯೂ ಅಷ್ಟೇ, ಅದರ ಮೈದಾ ಹೊಟ್ಟೆಯಲ್ಲಿ ಗ್ಲೂಕೋಸೇ ಆಗುತ್ತದೆ. ಒಂದು ತುಂಡು ತಿನ್ನಿ, ಡಬ್ಬಿ ಮನೆಗೆ ತರಬೇಡಿ.

ಲೇಬಲ್‌ನಲ್ಲಿ ಏನು ನೋಡಲಿ? ಅಕ್ಷರ ಇರುವೆ ಗಾತ್ರ ಇರುತ್ತೆ.

ಮೊಬೈಲ್‌ನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ನಮ್ಮ ನಿಯಮದ ಪ್ರಕಾರ ಶುಗರ್ ಫ್ರೀ ಎನ್ನಬೇಕಾದರೆ 100 ಗ್ರಾಂನಲ್ಲಿ 0.5 ಗ್ರಾಂಗಿಂತ ಹೆಚ್ಚು ಸಕ್ಕರೆ ಇರಬಾರದು. ಆದರೆ ನೀವು ಮೊದಲು ನೋಡಬೇಕಾದ್ದು ಒಟ್ಟು ಕಾರ್ಬೋಹೈಡ್ರೇಟ್ ಎಂಬ ಸಾಲನ್ನು. ಸಿಹಿಕಾರಕದ ಹೆಸರಿನ ಬದಲು ಸಂಖ್ಯೆ ಹಾಕಿದ್ದರೆ ಹೀಗೆ ಓದಿಕೊಳ್ಳಿ: 951 ಆಸ್ಪರ್ಟೇಮ್, 954 ಸ್ಯಾಕರಿನ್, 955 ಸುಕ್ರಲೋಸ್, 960 ಸ್ಟೀವಿಯಾ, 420 ಸಾರ್ಬಿಟಾಲ್, 965 ಮಾಲ್ಟಿಟಾಲ್, 968 ಎರಿಥ್ರಿಟಾಲ್. ಇದನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಂಡ ಒಬ್ಬರು ಅಜ್ಜಿ ನಮ್ಮಲ್ಲಿಗೆ ಬರುತ್ತಾರೆ. ಅಂಗಡಿಯವರೇ ಈಗ ಅವರನ್ನು ಕೇಳುತ್ತಾರಂತೆ.

ಗರ್ಭಿಣಿಯರು, ಮಕ್ಕಳು?

ಬಸುರಿಯಲ್ಲಿ ಶುಗರ್ ಕಾಣಿಸಿಕೊಂಡವರು ಸ್ಯಾಕರಿನ್ ಬಿಡುವುದು ಒಳ್ಳೆಯದು, ಅದು ಮಾಸುಚೀಲ ದಾಟಿ ಮಗುವಿಗೆ ಹೋಗುತ್ತದೆ. ಉಳಿದವನ್ನು ವೈದ್ಯರನ್ನು ಕೇಳಿ ಮಿತವಾಗಿ ಬಳಸಬಹುದು. ಟೈಪ್ 1 ಇರುವ ಮಕ್ಕಳ ವಿಷಯದಲ್ಲಿ ಮಗುವಿನ ವೈದ್ಯರ ಜೊತೆ ಕೂತು ಮಾತಾಡಿ. ಮನೆಯ ಉಳಿದ ಮಕ್ಕಳಿಗೆ ಇವು ಬೇಡವೇ ಬೇಡ.

ಶುಗರ್ ಇಳಿದು ಕೈ ನಡುಗುವಾಗ ಏನು ಕೊಡಬೇಕು?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಪುರುಸೊತ್ತು ಇದ್ದರೆ ಇದನ್ನು ಓದಿ, ಮನೆಯವರಿಗೂ ಓದಿಸಿ.

ಒಂದು ಬೆಳಗಿನ ಜಾವ ಐದಕ್ಕೆ ಅಮ್ಮನ ಕೂಗು ಕೇಳಿ ಎದ್ದೆ. ಅಪ್ಪ ಹಾಸಿಗೆಯ ಅಂಚಿನಲ್ಲಿ ಕೂತಿದ್ದರು. ಬನಿಯನ್ ಬೆವರಿನಲ್ಲಿ ತೊಯ್ದು ಬೆನ್ನಿಗೆ ಅಂಟಿತ್ತು, ಮಾತು ತೊದಲುತ್ತಿತ್ತು. ಮೀಟರಿನಲ್ಲಿ 54. ಅಮ್ಮ ಅಷ್ಟರಲ್ಲೇ ನಿಂಬೆಹಣ್ಣಿನ ಪಾನಕ ಮಾಡಿ ಕುಡಿಸಿದ್ದರು. ಹತ್ತು ನಿಮಿಷ ಕಳೆದರೂ ಬೆವರು ನಿಲ್ಲಲಿಲ್ಲ. ಮತ್ತೆ ನೋಡಿದರೆ 51. "ಎಷ್ಟು ಸಕ್ಕರೆ ಹಾಕಿದೆಯಮ್ಮ?" ಅಂದೆ. ಅಮ್ಮ ಕಟ್ಟೆಯ ಮೇಲಿದ್ದ ಬಿಳಿ ಡಬ್ಬಿ ನೋಡಿದರು, ನನ್ನ ಮುಖ ನೋಡಿದರು. ವರ್ಷಗಟ್ಟಲೆಯ ಅಭ್ಯಾಸ, ಗಾಬರಿಯಲ್ಲಿ ಕೈ ಸಿಹಿಮಾತ್ರೆ ಡಬ್ಬಿಗೇ ಹೋಗಿತ್ತು. ಓಡಿಹೋಗಿ ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿದೆ. ಕಾಲು ಗಂಟೆಗೆ 88 ಬಂತು. ಅಮ್ಮ ಆಮೇಲೆ ಅಳುತ್ತಾ ಕೂತರು, ತಪ್ಪು ಅವರದಲ್ಲ ಎಂದು ನಾನೂ ಅಪ್ಪನೂ ಎಷ್ಟು ಹೇಳಿದರೂ.

ಆವತ್ತಿನಿಂದ ನಾನು ಎಲ್ಲರಿಗೂ ಹೇಳುವುದಿದು. ಶುಗರ್ 70ಕ್ಕಿಂತ ಕೆಳಗಿಳಿದರೆ ಅಸಲಿ ಸಕ್ಕರೆಯೇ ಬೇಕು: ಮೂರು ಚಮಚ ಸಕ್ಕರೆ ಅಥವಾ 15 ಗ್ರಾಂ ಗ್ಲೂಕೋಸ್ ಪುಡಿ ನೀರಿನಲ್ಲಿ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಏರದಿದ್ದರೆ ಇನ್ನೊಮ್ಮೆ ಅಷ್ಟೇ ಕೊಡಿ. ವೋಗ್ಲಿಬೋಸ್, ಅಕಾರ್ಬೋಸ್ ಮಾತ್ರೆ ನುಂಗುವವರಿಗೆ ಸಕ್ಕರೆ ನಿಧಾನವಾಗಿ ಏರುತ್ತದೆ, ಅವರಿಗೆ ಗ್ಲೂಕೋಸ್ ಪುಡಿಯೇ ಆಗಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಉಸಿರುನಾಳಕ್ಕೆ ಹೋಗುತ್ತದೆ. ತಕ್ಷಣ 108ಕ್ಕೆ ಫೋನ್ ಮಾಡಿ. ಸಿಹಿಮಾತ್ರೆ ಡಬ್ಬಿಯನ್ನು ಸಕ್ಕರೆ ಡಬ್ಬಿಯ ಪಕ್ಕ ಇಡಬೇಡಿ. ನಮ್ಮ ಮನೆಯಲ್ಲಿ ಗ್ಲೂಕೋಸ್ ಪುಡಿ ಈಗ ಅಪ್ಪನ ದಿಂಬಿನ ಪಕ್ಕದ ಗೂಡಿನಲ್ಲಿದೆ, ಮೇಲೆ ಕೆಂಪು ಟೇಪು ಸುತ್ತಿದೆ.

ಯುಗಾದಿಗೆ ಬೇವು ಬೆಲ್ಲ, ಸಂಕ್ರಾಂತಿಗೆ ಎಳ್ಳು ಬೆಲ್ಲ. ಅದಕ್ಕೂ ಬೇಡ ಅಂತೀರಾ?

ಖಂಡಿತ ಅನ್ನುವುದಿಲ್ಲ. ಬೇವು ಬೆಲ್ಲ ಪ್ರಸಾದದಷ್ಟು ತಿನ್ನಿ. ಎಳ್ಳು ಬೆಲ್ಲ ಹತ್ತು ಮನೆಯಿಂದ ಬರುತ್ತದೆ, ತಟ್ಟೆಯನ್ನು ಟೀವಿ ಮುಂದೆ ಇಟ್ಟುಕೊಂಡು ಕೂರಬೇಡಿ. ಎಳ್ಳು, ಕಡಲೆಬೀಜ, ಕೊಬ್ಬರಿ ಆರಿಸಿಕೊಂಡು ಬೆಲ್ಲದ ಅಚ್ಚು, ಸಕ್ಕರೆ ಅಚ್ಚು ಮೊಮ್ಮಕ್ಕಳಿಗೆ ಬಿಡಿ. ಹೋಳಿಗೆ ತಿನ್ನುವ ದಿನ ಒಂದು ಹೋಳಿಗೆ, ಆ ಊಟದಲ್ಲಿ ಅನ್ನ ಅಷ್ಟು ಕಡಿಮೆ, ಕೋಸಂಬರಿ ಅಷ್ಟು ಹೆಚ್ಚು. ಎರಡು ಗಂಟೆ ಬಿಟ್ಟು ಮೀಟರು ನೋಡಿದರೆ ಮುಂದಿನ ಹಬ್ಬಕ್ಕೆ ಎಷ್ಟು ತಿನ್ನಬಹುದೆಂದು ನಿಮಗೇ ಗೊತ್ತಾಗುತ್ತದೆ.

ಯಾವುದೂ ಇಲ್ಲದೆ ಕುಡಿಯೋದನ್ನ ರೂಢಿ ಮಾಡ್ಕೋಬಹುದಾ?

ಮಾಡಿಕೊಳ್ಳಬಹುದು, ನನ್ನ ಆಸೆಯೂ ಅದೇ. ಒಮ್ಮೆಲೇ ನಿಲ್ಲಿಸಿದವರು ಹದಿನೈದು ದಿನಕ್ಕೆ ಮತ್ತೆ ಸಕ್ಕರೆಗೆ ಮರಳುವುದನ್ನು ಕಂಡಿದ್ದೇನೆ. ಎರಡು ಚಮಚ ಇದ್ದದ್ದು ಒಂದೂವರೆ, ಎರಡು ವಾರ ಬಿಟ್ಟು ಒಂದು, ಆಮೇಲೆ ಅರ್ಧ, ಹೀಗೆ ಇಳಿಸಿ. ಮಾತ್ರೆ ಹಾಕಿಕೊಳ್ಳುವವರೂ ಹಾಗೇ ಇಳಿಸಬಹುದು. ಕಷಾಯಕ್ಕೆ ಏಲಕ್ಕಿ, ಶುಂಠಿ, ಸೋಂಪು ಹಾಕಿದರೆ ಸಿಹಿ ಇಲ್ಲದ್ದು ಅಷ್ಟು ಕಾಡುವುದಿಲ್ಲ. ಕಾಫಿಗೆ ಚಿಕೋರಿ ಕಡಿಮೆ ಇರುವ ಪುಡಿ ತಂದು ಡಿಕಾಕ್ಷನ್ ಸ್ವಲ್ಪ ತೆಳುವಾಗಿ ಇಳಿಸಿ, ಕಹಿ ತಗ್ಗುತ್ತದೆ.

ಅಪ್ಪ ಬೆಲ್ಲದಿಂದ ಮಾತ್ರೆಗೆ, ಒಂದು ಮಾತ್ರೆಯಿಂದ ಅರ್ಧಕ್ಕೆ ಬರಲು ಎಂಟು ತಿಂಗಳು ಹಿಡಿಯಿತು. ಈಗ ಬೆಳಗಿನ ಕಾಫಿಗೆ ಅರ್ಧ ಮಾತ್ರೆ, ಸಂಜೆಯದ್ದಕ್ಕೆ ಏನೂ ಇಲ್ಲ. ಮಾತ್ರೆಯನ್ನು ಉಗುರಿನಿಂದ ಮುರಿದು, ಉಳಿದ ಅರ್ಧವನ್ನು ಮತ್ತೆ ಡಬ್ಬಿಗೆ ಹಾಕಿ ಮುಚ್ಚಳ ಒತ್ತುತ್ತಾರೆ.